ಹವಾಯಿಯ ಅಜ್ಜಿ ಬೇಕಾಗಿದ್ದಾರೆ

ಅಜ್ಜಿಯ ಮುಖ ಫಿಲ್ಮಿನ ಮೇಲೆ ಉಳಿಯಿತು. ಕೈ, ಮಡಿಲು, ಮಡಿಲಲ್ಲಿದ್ದ ಹೂವು ಮಾತ್ರ ತೆಳ್ಳನೆಯ ಪೊರೆಯಾಗಿ ಗಾಜಿಗೆ ಅಂಟಿಕೊಂಡು ಎದ್ದು ಬಂದವು. ಬ್ಲೇಡ್ ಹಿಡಿದಿದ್ದ ನಮ್ಮ ಹಿರಿಯ ಕ್ಯಾಮೆರಾಮನ್ ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಆ ಗಾಜನ್ನು ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನ್ಯೂಜೆರ್ಸಿಯ ನ್ಯೂಅರ್ಕ್‌ನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಶಾಲೆಗಳಿಗಾಗಿ ಫಿಲ್ಮ್‌ಸ್ಟ್ರಿಪ್ ತಯಾರಿಸುವ ಪುಟ್ಟ ಕಂಪನಿಯ ಕ್ಯಾಮೆರಾ ಕೋಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಫಿಲ್ಮ್‌ಸ್ಟ್ರಿಪ್ ಎಂದರೆ ಚಲಿಸುವ ಸಿನಿಮಾ ಅಲ್ಲ. ಒಂದು ಮೊಳದಷ್ಟೋ ಎರಡು ಮೊಳದಷ್ಟೋ ಉದ್ದದ ಫಿಲ್ಮಿನಲ್ಲಿ ಒಂದರ ಕೆಳಗೊಂದು ನಿಶ್ಚಲ ಚಿತ್ರಗಳಿರುತ್ತವೆ. ಜೊತೆಗೊಂದು ಗ್ರಾಮಫೋನ್ ರೆಕಾರ್ಡು. ರೆಕಾರ್ಡಿನೊಳಗಿನ ದನಿ ಒಂದು ಚಿತ್ರದ ಬಗ್ಗೆ ಹೇಳಿ ಮುಗಿಸಿದಾಗ ‘ಬೀಪ್’ ಎನ್ನುತ್ತದೆ. ಟೀಚರ್ ಪ್ರೊಜೆಕ್ಟರಿನ ಗುಂಡಿ ತಿರುಗಿಸಿ ಮುಂದಿನ ಚಿತ್ರ ತರುತ್ತಾರೆ. ಕತ್ತಲೆ ಕ್ಲಾಸಿನಲ್ಲಿ ಆ ಗುಂಡಿ ತಿರುಗಿಸುವ ಅವಕಾಶಕ್ಕಾಗಿ ಮಕ್ಕಳು ಜಗಳವಾಡುತ್ತಿದ್ದರಂತೆ.

ನಮ್ಮ ಆ ವರ್ಷದ ದೊಡ್ಡ ಕೆಲಸ ಹವಾಯಿ. ಅಮೆರಿಕದ ಉಳಿದೆಲ್ಲ ರಾಜ್ಯಗಳು ಒಂದೇ ಭೂಖಂಡದ ಮೇಲಿದ್ದರೆ ಇದೊಂದು ಮಾತ್ರ ಸಮುದ್ರದ ನಡುವೆ ದ್ವೀಪಗಳಾಗಿ ಚೆಲ್ಲಿಕೊಂಡಿರುವ ರಾಜ್ಯ. ಮಾಲೀಕರು ಅಲ್ಲಿಯೇ ಇದ್ದ ಒಬ್ಬ ಫೋಟೋಗ್ರಾಫರನಿಂದ ಸ್ಲೈಡುಗಳನ್ನು ತರಿಸಿದ್ದರು. ನ್ಯೂಜೆರ್ಸಿಯ ಫೆಬ್ರವರಿಯಲ್ಲಿ, ಕಿಟಕಿಯಾಚೆ ಮಸಿ ಹಿಡಿದ ಹಿಮ ಬಿದ್ದಿರುವಾಗ, ನಾನು ದಿನವಿಡೀ ಆ ದ್ವೀಪಗಳನ್ನು ಬೆಳಕಿನ ಗಾಜಿನ ಮೇಲಿಟ್ಟು ನೋಡುತ್ತಿದ್ದೆ. ಬೆಟ್ಟದ ಒಂದು ಮಗ್ಗುಲಲ್ಲಿ ಸದಾ ಮಳೆ, ಇನ್ನೊಂದು ಮಗ್ಗುಲಲ್ಲಿ ಕಳ್ಳಿ ಬೆಳೆಯುವ ಒಣ ನೆಲ. ಕಪ್ಪು ಮರಳಿನ ದಡ. ಅನಾನಸ್ ಹೊಲದಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು. ನನಗೆ ತುಂಬ ಹಿಡಿಸಿದ್ದು ಮನೆಗಳ ಚಿತ್ರಗಳು. ಒಂದರಲ್ಲಿ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ! ಇನ್ನೊಂದರಲ್ಲಿ ಬೆಳಗಿನ ತಿಂಡಿಗೆ ಅನ್ನ ತಿನ್ನುವ ಮಕ್ಕಳು. ನಮ್ಮ ಕ್ಯಾಮೆರಾಮನ್‌ಗೆ ಇದೆಲ್ಲ ವಿಚಿತ್ರ. ನನಗೋ, ಈ ಅಮೆರಿಕದಲ್ಲಿ ಚಪ್ಪಲಿ ಹೊರಗೆ ಬಿಡುವ ಒಂದು ರಾಜ್ಯವಾದರೂ ಇದೆಯಲ್ಲ ಎಂಬ ಸಮಾಧಾನ.

ಕೆಲಸದ ಕ್ರಮ ಸರಳ. ಸ್ಲೈಡನ್ನು ಬೆಳಕಿನ ಪೆಟ್ಟಿಗೆಯ ಮೇಲಿಡಬೇಕು. ಮೇಲೆ ಕಂಬಕ್ಕೆ ಬಿಗಿದಿರುವ ಕ್ಯಾಮೆರಾವನ್ನು ಇಳಿಸಿ ಏರಿಸಿ ಅಂಚು ಸರಿಮಾಡಬೇಕು. ಬೆಳಕು ಅಳೆದು, ಒಂದು ಸಲ ಕ್ಲಿಕ್ ಮಾಡಿ, ಫಿಲ್ಮನ್ನು ಒಂದೇ ಮನೆ, ಅಂದರೆ ಒಂದು ಚಿತ್ರದಷ್ಟು ಜಾಗ, ಮುಂದೆ ಸರಿಸಬೇಕು. ಹೀಗೆ ಒಂದೊಂದಾಗಿ ತೆಗೆದು ಮೂಲ ನೆಗೆಟಿವ್ ಸಿದ್ಧಪಡಿಸಿದರೆ ಅದರಿಂದ ಎಷ್ಟು ಪ್ರತಿ ಬೇಕಾದರೂ ಮಾಡಬಹುದು. ಪರೀಕ್ಷೆಗೆಂದು ತೆಗೆದ ಮೊದಲ ಪ್ರತಿಯಲ್ಲಿ ಎಲ್ಲವೂ ಸೊಗಸಾಗಿತ್ತು, ಅಜ್ಜಿ ಒಬ್ಬರನ್ನು ಬಿಟ್ಟು. ಹೂ ಪೋಣಿಸುವ ಅಜ್ಜಿಯ ಮೇಲೆಲ್ಲ ಸೋಪಿನ ಗುಳ್ಳೆಯಂಥ ಬಣ್ಣದ ಉಂಗುರಗಳು. ಆ ಸ್ಲೈಡೊಂದನ್ನು ಎರಡು ಗಾಜುಗಳ ನಡುವೆ ಕೂರಿಸಿದ್ದರು, ಅದರಿಂದ ಈ ಉಂಗುರ. ಗಾಜು ಬಿಚ್ಚಿ ಮತ್ತೆ ತೆಗೆದರಾಯಿತು ಎಂದು ಬಿಚ್ಚಿದೆವು. ದ್ವೀಪದ ತೇವ ಗಾಜಿನೊಳಗೆ ಸೇರಿ ಫಿಲ್ಮನ್ನು ಅಂಟಿಸಿಬಿಟ್ಟಿತ್ತು.

ಒಂದು ಚಿತ್ರ ತಾನೇ, ಬಿಟ್ಟುಬಿಡಿ ಎನ್ನಬಹುದು. ಬಿಟ್ಟರೆ ಮುಂದಿನ ಬೀಪಿನಿಂದ ಎಲ್ಲವೂ ಒಂದು ಮನೆ ಜಾರುತ್ತದೆ. ದನಿ ‘ಮಕ್ಕಳು ಊಟಕ್ಕೆ ಕುಳಿತಿದ್ದಾರೆ’ ಎನ್ನುವಾಗ ಪರದೆಯ ಮೇಲೆ ಜ್ವಾಲಾಮುಖಿ ಉಕ್ಕುತ್ತಿರುತ್ತದೆ. ರೆಕಾರ್ಡುಗಳು ಆಗಲೇ ಅಚ್ಚಾಗಿ ಪೆಟ್ಟಿಗೆಗಟ್ಟಲೆ ಬಂದು ಗೋಡೆಗೆ ಒರಗಿದ್ದವು. ಬೇರೆ ಯಾವುದಾದರೂ ಚಿತ್ರ ತುರುಕೋಣವೆಂದರೆ ದನಿ ಸ್ಪಷ್ಟವಾಗಿ ಹೇಳುತ್ತಿತ್ತು: “ಅಜ್ಜಿ ಉದ್ದನೆಯ ಸೂಜಿಯಿಂದ ಹೂಮಾಲೆ ಪೋಣಿಸುತ್ತಿದ್ದಾರೆ. ಅವರ ಕೈಗಳನ್ನು ನೋಡಿ.”

ಇನ್ನೆರಡು ವಾರಕ್ಕೆ ಶಾಲೆಗಳ ಟೀಚರುಗಳ ಸಮಿತಿ ಬಂದು ಸ್ಟ್ರಿಪ್ ನೋಡುವುದಿತ್ತು. ವರ್ಷಕ್ಕೊಂದೇ ಸಲ ಅವರು ಬಂದು ಖರೀದಿಸುವುದು. ಮಾಲೀಕರು ಸುಳ್ಳು ಹೇಳುವ ಮನುಷ್ಯರಲ್ಲ. ನಮ್ಮಿಬ್ಬರನ್ನೂ ಕರೆದು, ಹವಾಯಿಯ ಸ್ಟ್ರಿಪ್ ಮಾರಾಟವಾಗದಿದ್ದರೆ ಕ್ಯಾಮೆರಾ ಕೋಣೆ ಮುಚ್ಚಬೇಕಾಗುತ್ತದೆ ಎಂದರು. ನಮ್ಮವರು ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರಾಗಿದ್ದವರು, ಆರು ತಿಂಗಳ ಹಿಂದೆ ಲೇಆಫ್ ಆಗಿ ಮನೆಯಲ್ಲಿದ್ದರು. ಮೆಟುಚೆನ್‌ನ ನಮ್ಮ ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲಿ.

ಹವಾಯಿಗೆ ಫೋನ್ ಮಾಡಿದೆವು. ಫೋಟೋಗ್ರಾಫರ್ ದೋಣಿ ಹತ್ತಿ ಯಾವುದೋ ಸಣ್ಣ ದ್ವೀಪಕ್ಕೆ ಹೋಗಿದ್ದಾನೆ, ಬರುವುದು ತಿಂಗಳ ಕೊನೆಗೆ ಎಂದು ಅವನ ಹೆಂಡತಿ ಹೇಳಿದಳು. ಫೋನ್ ಇಟ್ಟ ಮಾಲೀಕರು ನನ್ನ ಕಡೆ ನೋಡಿದ ನೋಟದಲ್ಲೇ ನನಗೆ ಗೊತ್ತಾಯಿತು.

“ನಿಮ್ಮ ದೇಶದಲ್ಲಿ ಹೆಂಗಸರೆಲ್ಲ ಮಾಲೆ ಕಟ್ಟುತ್ತಾರಲ್ಲವೇ? ನಿಮ್ಮ ಕೈ ಸಾಕು. ಮುಖ ಬೇಡ,” ಎಂದರು.

ಕಟ್ಟುತ್ತೇವೆ, ನಿಜ. ಮೈಸೂರಿನಲ್ಲಿ ಹುಟ್ಟಿದವಳಿಗೆ ಹೂ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬೀದಿಯ ಅಂಗಡಿಯಿಂದ ಒತ್ತು ಪಕಳೆಗಳ ಕಾರ್ನೇಷನ್ ಹೂ ತಂದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ದೀಪಗಳ ಬಿಸಿಯಲ್ಲಿ ಬೆವರುತ್ತ, ಚಕಚಕನೆ ಕಟ್ಟಿದೆ. ಮರುದಿನ ಸ್ಲೈಡ್ ತೊಳೆದು ಬಂದಾಗ ಮೂವರೂ ಪರದೆಯ ಮುಂದೆ ಕುಳಿತೆವು. ಕೈಗಳು ಚೆನ್ನಾಗಿಯೇ ಇದ್ದವು. ಆದರೆ ಕೆಳಗಿನ ಮೂಲೆಯಲ್ಲಿ, ಬಾಗಿಲಷ್ಟು ಎತ್ತರಕ್ಕೆ ದೊಡ್ಡದಾಗಿ, ಒಂದು ಕಾಲು! ಹೆಬ್ಬೆರಳಿಗೆ ದಾರ ಸುತ್ತಿಕೊಂಡಿದೆ, ಪಕ್ಕದ ಬೆರಳಲ್ಲಿ ಬೆಳ್ಳಿಯ ಕಾಲುಂಗುರ ಥಳಥಳ ಹೊಳೆಯುತ್ತಿದೆ. ಹೂ ಕಟ್ಟುವಾಗ ದಾರ ಕಾಲಿಗೆ ಸಿಕ್ಕಿಸಿಕೊಳ್ಳುವುದು ಉಸಿರಾಡಿದಷ್ಟು ಸಹಜ, ನನಗದು ಗೊತ್ತೇ ಆಗಿರಲಿಲ್ಲ. ಕ್ಯಾಮೆರಾಮನ್ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಉರಿಯುತ್ತಿತ್ತು.

“ಕಾಲು ಕತ್ತರಿಸಿದರಾಯಿತು,” ಎಂದರು ಮಾಲೀಕರು.

“ಸೂಜಿ ಎಲ್ಲಿದೆ? ದನಿ ಸೂಜಿ ಅಂತ ಹೇಳುತ್ತೆ,” ಎಂದೆ.

ಸರಿ, ಹೊದಿಕೆ ಹೊಲಿಯುವ ದಪ್ಪ ಸೂಜಿ ತಂದು ಮತ್ತೆ ಕೂತೆ. ಕಾರ್ನೇಷನ್ನಿಗೆ ಅಡ್ಡಡ್ಡ ಚುಚ್ಚಿದರೆ ಪಕಳೆಗಳು ಉದುರಿದವು, ತೊಟ್ಟಿಗೆ ಚುಚ್ಚಿದರೆ ಹೂ ತಲೆಕೆಳಗಾಯಿತು. ಕೈಗೆ ಬಾರದ ಕೆಲಸವನ್ನು ಬಂದಂತೆ ನಟಿಸುವ ಕೈ ಹೇಗಿರುತ್ತದೆಂದು ಪರದೆಯ ಮೇಲೆ ನೋಡಿದಾಗಲೇ ತಿಳಿದದ್ದು. ಮಾಲೀಕರಿಗೆ ಅದೂ ಸಾಕಿತ್ತು. ಎಲ್ಲೋ ಓಹಾಯೋ ರಾಜ್ಯದ ಮಕ್ಕಳಿಗೆ ಏನು ಗೊತ್ತಾಗುತ್ತೆ ಎಂದರು.

ಆಗ ನನಗೆ ನನ್ನ ಮಗಳ ಕ್ಲಾಸು ನೆನಪಾಯಿತು. ಹಿಂದಿನ ವರ್ಷ ಯಾವುದೋ ಕಂಪನಿಯ ಸ್ಟ್ರಿಪ್ ಹಾಕಿ ಭಾರತ ತೋರಿಸಿದ್ದರು. ಮನೆಯ ಮುಂದೆ ಚುಕ್ಕಿಯಿಟ್ಟು ರಂಗೋಲಿ ಹಾಕುತ್ತಿದ್ದ ಹೆಂಗಸಿನ ಚಿತ್ರಕ್ಕೆ ದನಿ, ಈಕೆ ಮನೆಯ ಲೆಕ್ಕ ಬರೆಯುತ್ತಿದ್ದಾಳೆ ಎಂದಿತಂತೆ. ಮಗಳು ಬಂದು, “ಅಮ್ಮಾ, ಡೂ ಯು ಡೂ ಮ್ಯಾಥ್ ಆನ್ ದ ಪೋರ್ಚ್?” ಎಂದು ಕೇಳಿದ್ದಳು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಈಗ ಇನ್ಯಾರದೋ ಅಜ್ಜಿಗೆ ಅದನ್ನೇ ನಾನು ಮಾಡಲೇ?

“ನನ್ನ ಕೈ ಹಾಕಬೇಡಿ,” ಎಂದೆ. “ಒಂದು ವಾರದೊಳಗೆ ನಿಜವಾದ ಹವಾಯಿಯ ಅಜ್ಜಿಯನ್ನು ಹುಡುಕಿಕೊಡುತ್ತೇನೆ.”

“ನ್ಯೂಜೆರ್ಸಿಯಲ್ಲಿ?” ಎಂದರು ಮಾಲೀಕರು.

“ನ್ಯೂಜೆರ್ಸಿಯಲ್ಲಿಯೇ.” ಕೆಲಸ ಹೋಗುವ ಹೊತ್ತಿನಲ್ಲಿ ಇಂಥ ಸೊಕ್ಕಿನ ಮಾತು ನನ್ನ ಬಾಯಿಂದ ಹೇಗೆ ಬಂತೋ! ಮನೆಗೆ ಬಂದು ನಮ್ಮವರಿಗೆ ಹೇಳಿದಾಗ, “ಅಜ್ಜಿ ಬೇಕು ಅಂತ ಪೇಪರಿಗೆ ಹಾಕೋಣ್ವೇನೇ?” ಎಂದರು.

ಪೇಪರ್ ಬೇಕಾಗಲಿಲ್ಲ. ಆ ಭಾನುವಾರ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಕನ್ನಡದವರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಆಗ ನಾವಿದ್ದುದೇ ಬೆರಳೆಣಿಕೆಯಷ್ಟು ಮನೆಯವರು. ಬಿಸಿಬೇಳೆ ಭಾತು ಬಡಿಸುತ್ತ ನನ್ನ ಗೋಳನ್ನು ಕಂಡವರಿಗೆಲ್ಲ ಹೇಳಿಕೊಂಡೆ. ಮಾರಿಸ್‌ಟೌನ್ ಕಡೆಯ ಆಸ್ಪತ್ರೆಯಲ್ಲಿದ್ದ ಧಾರವಾಡದ ಡಾಕ್ಟರೊಬ್ಬರು ತಟ್ಟೆಯಿಂದ ತಲೆ ಎತ್ತಿದರು.

“ಅಯ್ಯ ವೈನಿ, ಇದಕ್ಯಾಕ ಇಷ್ಟ್ ತಲಿ ಕೆಡಿಸ್ಕೊಂಡೀರಿ? ನಮ್ಮ ವಾರ್ಡಿನ್ಯಾಗ ಹವಾಯಿದಾಕಿ ಒಬ್ಬಾಕಿ ನರ್ಸ್ ಅದಾಳ. ಆಕಿ ಬಾಣಂತನಕ್ಕಂತ ಊರಿಂದ ಚಿಗವ್ವ ಬಂದಾಳಂತ. ಪೂರಾ ಅಜ್ಜಿ! ನಾಳೆನ ಫೋನ್ ಮಾಡಿ ಕೇಳ್ತೀನಿ.”

ಬಾಣಂತನಕ್ಕೆ ಊರಿನಿಂದ ಬಂದ ಚಿಕ್ಕಮ್ಮ! ನನಗೆ ಆ ಡಾಕ್ಟರ ಕಾಲಿಗೆ ಬೀಳಬೇಕೆನಿಸಿತು.

ಸೋಮವಾರ ಡಾಕ್ಟರ ಫೋನ್ ಬಂತು, ಮಂಗಳವಾರ ಕ್ಯಾಮೆರಾಮನ್ ತಮ್ಮ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೊರಟರು. ಮೊದಲು ಮಾತಾಡಿ ಒಪ್ಪಿಸುವುದು, ಆಮೇಲೆ ಫೋಟೋ ಎಂದು ನಮ್ಮ ಲೆಕ್ಕ. ನರ್ಸಿನ ಮನೆ ಬಾಗಿಲಲ್ಲಿ ಹಿಮದ ಬೂಟುಗಳನ್ನು ಸಾಲಾಗಿ ಬಿಟ್ಟಿದ್ದರು. ನಾನು ಯಾರೂ ಹೇಳದೆಯೇ ಶೂ ಕಳಚಿದೆ. ಒಳಗೆ ಅನ್ನ ಬೇಯುವ ವಾಸನೆ. ತೊಟ್ಟಿಲಿನ ಪಕ್ಕದಿಂದ ಎದ್ದು ಬಂದ ಚಿಕ್ಕಮ್ಮ ಗಟ್ಟಿಮುಟ್ಟಾದ ಹೆಂಗಸು, ಬಿಳಿ ಜಡೆಯನ್ನು ತುರುಬು ಕಟ್ಟಿದ್ದರು. ಏನೆಂದು ಕರೆಯಲಿ ಎಂದರೆ, “ಆಂಟಿ ಅನ್ನು. ನಮ್ಮಲ್ಲಿ ದೊಡ್ಡವರೆಲ್ಲ ಆಂಟಿಯೇ,” ಎಂದರು. ನಾನು ನಕ್ಕು, ನಮ್ಮಲ್ಲೂ ಹಾಗೇ ಎಂದೆ.

ಆಂಟಿ ಒಳಗೆ ಹೋಗಿ ಒಂದು ಮಾಲೆ ತಂದರು. ಸುಕ್ಕುಸುಕ್ಕಾದ ಹಳದಿ ಕ್ರೇಪ್ ಕಾಗದವನ್ನು ನುಣ್ಣಗೆ ಮಡಿಸಿ, ಒತ್ತಾಗಿ ಪೋಣಿಸಿದ ಮಾಲೆ. ಅದನ್ನು ನನ್ನ ಕೊರಳಿಗೆ ಹಾಕಿ ಕೆನ್ನೆಗೆ ಮುತ್ತಿಟ್ಟರು. ನಾನು ಸಂಕೋಚದಿಂದ ಕೈ ಮುಗಿದು, ತಲೆ ಬಾಗಿಸಿ, ಮಾಲೆ ತೆಗೆದು ಮೇಜಿನ ಮೇಲಿಟ್ಟೆ.

ಆಂಟಿಯ ಮುಖ ಸಣ್ಣದಾಯಿತು. ಚಹಾ ಬಂತು, ಬಿಸ್ಕತ್ತು ಬಂತು. ಸ್ವಲ್ಪ ಹೊತ್ತಿಗೆ ಅವರು ತಲೆನೋವೆಂದು ಒಳಗೆ ಹೋದರು. ಫೋಟೋದ ವಿಷಯ ಎತ್ತಿದರೆ ನರ್ಸ್ ತಗ್ಗಿದ ದನಿಯಲ್ಲಿ, “ಆಂಟಿಗೆ ಮನಸ್ಸಿಲ್ಲ ಅನ್ನಿಸುತ್ತೆ. ಬೇರೆ ಯಾವಾಗಲಾದರೂ ನೋಡೋಣ,” ಎಂದಳು. ಹೊರಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತ ಕ್ಯಾಮೆರಾಮನ್, “ನಾವೇನು ಮಾಡಿದೆವು?” ಎಂದು ಕೇಳಿದರು. ನನಗೆ ಗೊತ್ತಿದ್ದರಲ್ಲವೇ ಹೇಳುವುದು? ದಾರಿಯುದ್ದಕ್ಕೂ ನನ್ನ ಕೆಲಸ ಹೋದಂತೆಯೇ ಎಂದುಕೊಂಡು ಕುಳಿತಿದ್ದೆ.

ಮರುದಿನ ಮಧ್ಯಾಹ್ನ ಕ್ಯಾಮೆರಾ ಕೋಣೆಗೆ ಧಾರವಾಡದ ಡಾಕ್ಟರ ಫೋನು.

“ವೈನಿ, ಮಾಲಿ ತಗದ್ರೇನ್ರಿ ನೀವು?”

“ಹೌದು, ಮತ್ತೆ? ಹಾಕಿದ ಮೇಲೆ ತೆಗೀಬೇಕಲ್ಲ!”

“ಅದ ಆತು ನೋಡ್ರಿ ಘಾತ. ನರ್ಸ್ ಫೋನಿನ್ಯಾಗ ಅತ್ತು ಹೇಳಿದಳು. ಹಾಕಿದವ್ರ ಎದುರಿಗೆ ಮಾಲಿ ತಗದ್ರ ಅವರ ಪ್ರೀತಿನ ಬ್ಯಾಡ ಅಂದಂಗಂತ. ಆ ಮುದುಕಿ ಎರಡು ಸಂಜಿ ಕುಂತು ಮಾಡಿದ್ದಳಂತ ಅದನ್ನ.”

ನನಗೆ ನೆಲ ಬಾಯ್ದೆರೆದು ನುಂಗಬಾರದೇ ಅನ್ನಿಸಿತು. ನಮ್ಮೂರಿನ ಸಭೆಗಳಲ್ಲಿ ನೋಡಿದ್ದೇ ಅದಲ್ಲವೇ? ಸನ್ಮಾನದ ಮಾಲೆ ಕೊರಳಿಗೆ ಬೀಳುವುದೇ ತಡ, ದೊಡ್ಡವರೆನಿಸಿಕೊಂಡವರು ಅದನ್ನು ತೆಗೆದು ಮುಂದಿನ ಮೇಜಿನ ಮೇಲಿಡುತ್ತಾರೆ. ಹಾಕಿಕೊಂಡೇ ಕುಳಿತವನನ್ನು ಹಿಂದಿನ ಸಾಲಿನವರು ಆಡಿಕೊಳ್ಳುತ್ತಾರೆ. ಮರ್ಯಾದೆ ಎಂದುಕೊಂಡು ಮಾಡಿದ್ದು ಅಲ್ಲಿ ಕಪಾಳಕ್ಕೆ ಹೊಡೆದಂತಾಗಿತ್ತು.

ಡಾಕ್ಟರಿಂದ ನಂಬರ್ ತೆಗೆದುಕೊಂಡು ಆಗಲೇ ಫೋನ್ ಮಾಡಿದೆ. ಆಂಟಿಯೇ ಎತ್ತಿದರು. ಫೋಟೋದ ಮಾತೇ ಎತ್ತಲಿಲ್ಲ. ನಮ್ಮಲ್ಲಿ ಹೀಗೆ, ಮದುವೆಯಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಮಾಲೆ ಕೊರಳಲ್ಲಿ ಇಟ್ಟುಕೊಂಡು ಕೂರುವುದಿಲ್ಲ, ಇಟ್ಟುಕೊಂಡರೆ ಜಂಬ ಎನ್ನುತ್ತಾರೆ, ನಿಮ್ಮ ಪ್ರೀತಿ ಬೇಡವೆಂದಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

“ಆ ಕ್ಷಣವೇ ತೆಗೆಯುತ್ತೀರಾ?” ಎಂದರು ಆಂಟಿ.

“ಆ ಕ್ಷಣವೇ.”

“ಹಾಗಾದರೆ ಹಾಕುವುದಾದರೂ ಯಾಕೆ?”

ಆಂಟಿ ನಗಲು ಶುರುಮಾಡಿದರು. ಆ ನಗು ಎಷ್ಟು ಹೊತ್ತು ನಡೆಯಿತೆಂದರೆ ತೊಟ್ಟಿಲ ಮಗು ಎದ್ದು ಅಳುವುದು ನನಗೆ ಫೋನಿನಲ್ಲಿ ಕೇಳಿಸಿತು. “ಹೂವು ತೆಗೆದುಕೊಂಡು ನಾಳೆ ಬಾ,” ಎಂದರು. “ಅಂಗಡಿಯ ಸೊರಗಿದ ಹೂ ಬೇಡ.”

ಹೂವಿನ ಜವಾಬ್ದಾರಿ ನಮ್ಮವರು ಹೊತ್ತರು. ಬೆಳಗಿನ ಮೊದಲ ಟ್ರೇನ್ ಹಿಡಿದು ಮ್ಯಾನ್‌ಹಟನ್ನಿನ ಸಗಟು ಹೂವಿನ ಬೀದಿಗೆ ಹೋಗಿ, ಕೆಂಪು ಕಾರ್ನೇಷನ್ನಿನ ದೊಡ್ಡ ಕಟ್ಟನ್ನು ಕೋಟಿನೊಳಗೆ ಬೆಚ್ಚಗೆ ಅವಚಿಕೊಂಡು ಬಂದರು. ಆರು ತಿಂಗಳಿನಿಂದ ಪೇಪರಿನ ಕೆಲಸದ ಕಾಲಮ್ ನೋಡುತ್ತ ಮುದುಡಿ ಕೂತಿದ್ದ ಮನುಷ್ಯ ನ್ಯೂಅರ್ಕ್ ಸ್ಟೇಷನ್ನಿನಲ್ಲಿ ನನ್ನ ಕೈಗೆ ಹೂವಿಟ್ಟು, “ಒಂದೂ ಬಾಡಿಲ್ಲ, ನೋಡ್ಕೋ,” ಎಂದಾಗ ಹೂವಿನ ಜೊತೆಗೆ ಅವರ ಕೈಯನ್ನೂ ಹಿಡಿದುಕೊಂಡೆ.

ಆಂಟಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಮಡಿಲಿಗೆ ಬಟ್ಟೆ ಹಾಸಿದರು. ಕ್ಯಾಮೆರಾಮನ್ ಹಿಂದಿನ ಕಿಟಕಿಯ ಹಿಮ ಕಾಣದಂತೆ ಪರದೆ ಎಳೆದು, ಬಿಳಿ ಹಾಳೆಯೊಂದರಿಂದ ಬೆಳಕನ್ನು ಅವರ ಕೈಗಳ ಮೇಲೆ ತಿರುಗಿಸಿದರು. ನನ್ನ ತಪ್ಪು ಎಲ್ಲಿತ್ತೆಂದು ಆಗ ಗೊತ್ತಾಯಿತು. ಆಂಟಿ ಮೊದಲು ತೊಟ್ಟು ಕಿತ್ತು, ಹೂವಿನ ಹಸಿರು ಬುಡವನ್ನು ಉಗುರಿನಿಂದ ಸೀಳಿ, ಪಕಳೆಗಳನ್ನು ಸುತ್ತಲೂ ಬಿಡಿಸಿ ಚಕ್ರದ ಹಾಗೆ ಮಾಡುತ್ತಿದ್ದರು. ಆಮೇಲೆ ಊರಿನಿಂದ ತಂದಿದ್ದ ಗೇಣುದ್ದದ ಸೂಜಿಯನ್ನು ಸರಿಯಾಗಿ ಹೂವಿನ ಎದೆಗಿಟ್ಟು ಬುಡದಿಂದ ಹೊರತೆಗೆಯುತ್ತಿದ್ದರು. ಒಂದರ ಮೇಲೊಂದು ಒತ್ತಿದಾಗ ಅದು ಹೂವಿನ ಹಗ್ಗವಾಗುತ್ತಿತ್ತು. ಕ್ಯಾಮೆರಾಮನ್ ಕ್ಲಿಕ್ ಕ್ಲಿಕ್ ಎಂದು ಇಡೀ ರೋಲನ್ನು ಅಲ್ಲಿಯೇ ಮುಗಿಸಿದರು.

ಕಾಲುಂಗುರದ ಸ್ಲೈಡನ್ನು ಅವರು ಜೇಬಿನಲ್ಲಿ ತಂದಿದ್ದರು, ಕಿಡಿಗೇಡಿ. ಆಂಟಿ ಅದನ್ನು ಕಿಟಕಿಗೆ ಹಿಡಿದು ನೋಡಿದರು. ನಗುತ್ತಾರೆಂದುಕೊಂಡೆ. ಅವರು ಎದ್ದು, ಮೂಲೆಯ ಕುಂಡದ ಗಿಡದಿಂದ ಒಂದು ಉದ್ದನೆಯ ಎಲೆ ಕಿತ್ತು, ಸೀಳಿ, ತುದಿಯನ್ನು ತಮ್ಮ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹುರಿ ಹೊಸೆಯತೊಡಗಿದರು.

“ಎಲೆಯ ಮಾಲೆ ಹೀಗೆ. ಕಾಲಿಲ್ಲದೆ ಆಗುವುದೇ ಇಲ್ಲ,” ಎಂದರು. ಕ್ಯಾಮೆರಾಮನ್ ಕಡೆ ನಾನು ಹೇಗೆ ನೋಡಿದೆನೆಂದರೆ, ಅವರು ಪಾಪ, ಸ್ಲೈಡನ್ನು ಮತ್ತೆ ಜೇಬಿಗೆ ಸೇರಿಸಿದರು.

ಆಮೇಲಿನದು ಓಡಾಟ. ರೋಲನ್ನು ತೊಳೆಸಿ, ಒಂದು ಚಿತ್ರ ಆರಿಸಿ, ಈ ಸಲ ಗಾಜಿಲ್ಲದೆ ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿ, ಇಡೀ ಸ್ಟ್ರಿಪ್ಪನ್ನು ಮೊದಲಿನಿಂದ ಮತ್ತೆ ತೆಗೆದೆವು. ಹೊಸ ಪ್ರತಿ ನಮ್ಮ ಕೈಗೆ ಬಂದದ್ದು ಸಮಿತಿಯವರು ಬರುವ ದಿನ ಬೆಳಿಗ್ಗೆ. ಪರೀಕ್ಷಿಸಲು ಸಮಯವಿರಲಿಲ್ಲ. ಆಂಟಿಯನ್ನೂ ನರ್ಸನ್ನೂ ಮಾಲೀಕರೇ ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು.

ಕೋಣೆ ಕತ್ತಲಾಯಿತು. ಗುಂಡಿ ತಿರುಗಿಸುವವಳು ನಾನು. ಬೀಪ್, ಬೆಟ್ಟ. ಬೀಪ್, ಅನಾನಸ್. ಬೀಪ್, ಚಪ್ಪಲಿ ರಾಶಿ. ಬೀಪ್. “ಅವರ ಕೈಗಳನ್ನು ನೋಡಿ,” ಎಂದಿತು ದನಿ. ಪರದೆಯ ತುಂಬ ಆಂಟಿಯ ಕೈ, ಕೆಂಪು ಹೂವು, ಉದ್ದನೆಯ ಸೂಜಿ. ಮುಂದಿನ ಸಾಲಿನ ಟೀಚರೊಬ್ಬರು ಆಹಾ ಎಂದರು. ಮುಂದಿನ ಬೀಪಿಗೆ ಮಕ್ಕಳು ಊಟಕ್ಕೇ ಕುಳಿತಿದ್ದರು, ಜ್ವಾಲಾಮುಖಿ ತನ್ನ ಸರದಿ ಬಂದಾಗಲೇ ಉಕ್ಕಿತು. ನನ್ನ ಎದೆಯ ಮೇಲಿನ ಭಾರ ಇಳಿದ ಸದ್ದು ಪಕ್ಕದವರಿಗೂ ಕೇಳಿಸಿರಬೇಕು.

ಟೀಚರುಗಳು ಆಂಟಿಯನ್ನು ಸುತ್ತುವರಿದು ಬಹಳ ಹೊತ್ತು ಮಾತಾಡಿದರು. ಅವರು ಹೋದ ಮೇಲೆ ಮಾಲೀಕರು ಒಳಗೆ ಬಂದು, “ಕೋಣೆ ಮುಚ್ಚುವುದಿಲ್ಲ,” ಎಂದಷ್ಟೇ ಹೇಳಿದರು. ಕ್ಯಾಮೆರಾಮನ್ ಕುರ್ಚಿಯ ಮೇಲೆ ಕುಸಿದು ಕುಳಿತರು. ಆಂಟಿ ತಮ್ಮ ಚೀಲದಿಂದ ತೇವದ ಬಟ್ಟೆಯಲ್ಲಿ ಸುತ್ತಿದ್ದ ಮಾಲೆ ತೆಗೆದರು. ಅದೇ ಕಾರ್ನೇಷನ್ ಮಾಲೆ, ಫ್ರಿಜ್ಜಿನಲ್ಲಿಟ್ಟು ಕಾಪಾಡಿದ್ದರು. ನನ್ನ ಕೊರಳಿಗೆ ಹಾಕಿ ಒಂದು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ಅಭ್ಯಾಸಬಲ, ನನ್ನ ಕೈ ಕೊರಳವರೆಗೆ ಹೋಯಿತು. ಆಂಟಿಯ ಹುಬ್ಬು ಏರಿತು. ಕೈ ಇಳಿಸಿದೆ. ನಾವಿಬ್ಬರೂ ನಕ್ಕಿದ್ದು ಯಾಕೆಂದು ಮಾಲೀಕರಿಗೆ ತಿಳಿಯಲಿಲ್ಲ.

ಸಂಜೆಯ ಟ್ರೇನಿನಲ್ಲಿ, ಕಪ್ಪು ಕೋಟುಗಳ ನಡುವೆ, ಕೊರಳ ತುಂಬ ಕೆಂಪು ಹೂವು ಹೊತ್ತು ಕುಳಿತೆ. ಎದುರಿನವರು ಪೇಪರಿನ ಮೇಲಿಂದ ಇಣುಕಿ ಇಣುಕಿ ನೋಡಿದರು, ನೋಡಲಿ. ಮೆಟುಚೆನ್ ಸ್ಟೇಷನ್ನಿನಲ್ಲಿ ನಮ್ಮವರು ಕಾರಿನಿಂದಿಳಿದು ಕಾಯುತ್ತಿದ್ದರು. ದೂರದಿಂದಲೇ ಮಾಲೆ ಕಂಡು ಅವರಿಗೆ ವಿಷಯ ಗೊತ್ತಾಯಿತು. ಮುಖ ಅರಳಿದ್ದನ್ನು ನಾನು ದೀಪದ ಬೆಳಕಿನಲ್ಲಿ ಕಂಡೆ.

“ಯಾರೇ ಸನ್ಮಾನ ಮಾಡಿದ್ದು? ತೆಗಿ ಈಗ, ಜನ ನೋಡ್ತಾರೆ,” ಎಂದರು.

“ತೆಗೆಯೋದಿಲ್ಲ ರೀ,” ಎಂದೆ.

ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಮಾಲೆ ನನ್ನ ಕೊರಳಲ್ಲೇ ಇತ್ತು.